ದೂರದ ನಂಟ, ಊರಿನ ಹಣ್ಣು

ದೇವನಹಳ್ಳಿಯ ಹೆಸರು ಕಿವಿಗೆ ಬಿದ್ದೊಡನೆ ಕೋಟೆಯೂ ಚಕ್ಕೋತ ಹಣ್ಣೂ ಒಟ್ಟಿಗೇ ನೆನಪಿಗೆ ಬರುತ್ತವೆ. ದಪ್ಪ ಸಿಪ್ಪೆಯನ್ನು ಬಿಡಿಸಿ ತೊಳೆಗಳನ್ನು ಹಂಚಿದರೆ ಒಂದೇ ಹಣ್ಣು ಮನೆಮಂದಿಗೆಲ್ಲ ಸಾಲುತ್ತದೆ. ಈ ನೆಲದ ಸ್ವಂತ ಮಗುವೆಂದು ಜನ ಮುದ್ದಿಸುವ ಈ ಹಣ್ಣಿನ ತವರು ಮಾತ್ರ ಸಮುದ್ರದಾಚೆಯ ಆಗ್ನೇಯ ಏಷ್ಯ. ಬಂಗಾಳಿಗಳು ಇದನ್ನು ಕರೆಯುವ ‘ಬತಾಬಿ’ ಎಂಬ ಹೆಸರಿನಲ್ಲಿ ಜಾವಾ ದ್ವೀಪದ ಬತಾವಿಯಾ ನಗರದ ನೆನಪು ಇಂದಿಗೂ ಉಳಿದಿದೆ.

ಹಣ್ಣಿನ ಮಾತು ಹಾಗಿರಲಿ, ಊರನ್ನು ಕಟ್ಟಿದವರೂ ದೂರದಿಂದ ಬಂದವರೇ. ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಮೊರಸು ಒಕ್ಕಲಿಗ ಕುಟುಂಬಗಳು ನಂದಿಯ ಸೀಮೆಯಲ್ಲಿ ನೆಲೆನಿಂತು ಆವತಿಯ ನಾಡಪ್ರಭುಗಳಾದರೆಂದು ಐತಿಹ್ಯ ಹೇಳುತ್ತದೆ. ಆ ವಂಶದ ಮಲ್ಲಬೈರೇಗೌಡನು ದೇವನದೊಡ್ಡಿಯಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದ್ದು 1501ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1498ರಲ್ಲಿ, ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ್ದವು.

ಆ ಕಾಲದ ಕರ್ನಾಟಕಕ್ಕೆ ಹೊರಗಿನವರು ಹೊಸಬರೇನಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ಬೀ ಸಮುದ್ರವನ್ನು ದಾಟಿ ಪಶ್ಚಿಮ ತೀರದ ಬಂದರುಗಳಲ್ಲಿ ಇಳಿಯುತ್ತಿದ್ದವು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಗೆ ಹೋಗುತ್ತಿದ್ದವು. ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ಮಂಗಳೂರಿನ ಮಾರ್ಗವಾಗಿ ಬಂದು ರಾಜಧಾನಿಯ ವೈಭವಕ್ಕೆ ಬೆರಗಾದನು. ಮಾರಲೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದ ರಷ್ಯದ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬೀದರದಲ್ಲಿದ್ದನು. ಕುದುರೆ ವ್ಯಾಪಾರಕ್ಕೆ ಬಂದ ಪೋರ್ಚುಗೀಸನಾದ ನೂನಿಜನು ಮುಂದೆ ವಿಜಯನಗರದ ಅರಸರ ಚರಿತ್ರೆಯನ್ನೇ ಬರೆದಿಟ್ಟನು. ಆ ಕುದುರೆಗಳೂ ಇಲ್ಲ, ಅವುಗಳಿಂದ ಬಂದ ಹಣವೂ ಇಲ್ಲ. ಅವರು ಕಂಡು ಬರೆದದ್ದು ಉಳಿದಿದೆ.

ಬರಹದಂತೆ ಬೆಳೆಯೂ ಉಳಿಯಿತು. ಪೋರ್ಚುಗೀಸರ ಹಡಗುಗಳ ಮೂಲಕ ಅಮೆರಿಕ ಖಂಡದ ಸಸ್ಯಗಳು ನಮ್ಮ ಹಿತ್ತಲನ್ನು ಸೇರಿದವು. ಪರಂಗಿಯವರು ತಂದುದರಿಂದ ಒಂದು ಹಣ್ಣು ಪರಂಗಿಯೇ ಆಯಿತು. ಖಾರಕ್ಕೆ ಕರಿಮೆಣಸನ್ನೇ ನಂಬಿದ್ದ ಅಡಿಗೆಮನೆ ಹೊಸ ಕಾಯಿಗೂ ಅದೇ ಮೆಣಸಿನ ಹೆಸರನ್ನು ಕೊಟ್ಟು ಮೆಣಸಿನಕಾಯಿ ಎಂದಿತು. ಇಂದು ರಾಗಿಮುದ್ದೆಯ ಜೊತೆಗೆ ಬಡಿಸುವ ಸಾರಿನಿಂದ ಅದನ್ನು ಬೇರ್ಪಡಿಸಲು ಯಾರಿಂದ ಸಾಧ್ಯ? ಆ ರಾಗಿಯಾದರೂ ಪುರಾತನ ಕಾಲದಲ್ಲಿ ಆಫ್ರಿಕದಿಂದ ಬಂದದ್ದೇ.

ಹೀಗೆ ಬಂದುದೆಲ್ಲವೂ ತಾನಾಗಿಯೇ ನಮ್ಮದಾಗಲಿಲ್ಲ ಎಂಬುದನ್ನು ಮನಗಾಣಬೇಕು. ವರ್ತಕನು ತಂದು ಇಳಿಸಿದನು, ಅಷ್ಟೆ. ಬಾವಿಯ ನೀರನ್ನು ಹಾಯಿಸಿದವನು, ಗಿಡ ಫಲಕ್ಕೆ ಬರುವವರೆಗೆ ತಾಳ್ಮೆಯಿಂದ ಕಾದವನು, ಹೆಸರೇ ಉಳಿಯದ ರೈತ. ಅವನ ಬೆವರಿನಿಂದ ದೂರದ ನಂಟನು ಮನೆಯ ಮಗನಾದನು.

ಕಾಲಚಕ್ರ ಇನ್ನೊಂದು ಸುತ್ತು ತಿರುಗಿದೆ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಹಿಂದೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಈಗ ಕೆಲವೇ ಗಂಟೆಗಳದು. ಜಗತ್ತೇ ಊರಿನ ಬಾಗಿಲಿಗೆ ಬಂದಿದೆ. ಆದರೆ ಅದೇ ಊರಿನ ತೋಟಗಳು ಬಡಾವಣೆಗಳಾಗಿ, ಅಂತರ್ಜಲ ಪಾತಾಳಕ್ಕಿಳಿದು, ಚಕ್ಕೋತದ ಮರಗಳು ವಿರಳವಾಗಿವೆ. ಈ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಮನ್ನಣೆಯ ಪತ್ರದಿಂದ ಮರ ಚಿಗುರುವುದಿಲ್ಲ.

ಹೊರಗಿನಿಂದ ಬಂದುದನ್ನು ಆದರಿಸುವುದು ಈ ನಾಡಿನ ಹಿರಿಯರಿಗೆ ತಿಳಿದಿತ್ತು. ಆದರಿಸಿದ್ದನ್ನು ಉಳಿಸಿಕೊಳ್ಳುವ ಹೊಣೆ ಮಕ್ಕಳ ಪಾಲಿನದು. ವಿದ್ಯೆಗೂ ಇದೇ ಮಾತು ಸಲ್ಲುತ್ತದೆ. ಯಾವ ದಿಕ್ಕಿನಿಂದ ಬಂದರೂ ಅದು ಬೇರೂರಲು ನೆಲ ಬೇಕು, ನೀರೆರೆಯುವ ಕೈ ಬೇಕು. ಶಾಲೆಯ ಅಂಗಳದ ಒಂದು ಮೂಲೆಯಲ್ಲಿ ಚಕ್ಕೋತದ ಒಂದು ಸಸಿಯನ್ನು ಮಕ್ಕಳ ಕೈಯಿಂದಲೇ ನೆಡಿಸಿದರೆ, ಇತಿಹಾಸದ ಆ ಪಾಠ ಅವರ ಕಣ್ಣೆದುರಿಗೇ ಬೆಳೆಯುತ್ತದೆ.