ಪರಿಚಯದ ಲಾಡ್ಜು ಬಿಟ್ಟ ಮೇಲೆ

ಕನ್ನಡದಲ್ಲಿ ಹೋಟೆಲ್ ಎಂದರೆ ಊಟ ತಿಂಡಿಯ ಜಾಗ. ರಾತ್ರಿ ತಂಗಲು ಕೋಣೆ ಕೊಡುವ ಜಾಗಕ್ಕೆ ನಾವು ಲಾಡ್ಜ್ ಎನ್ನುತ್ತೇವೆ. ಯಾವ ಹೋಟೆಲಿನ ದೋಸೆ ಚೆನ್ನಾಗಿದೆ, ಎಲ್ಲಿಯ ಬಿರಿಯಾನಿಗೆ ಹೆಸರಿದೆ ಎಂದು ಗಂಟೆಗಟ್ಟಲೆ ಮಾತನಾಡುವ ನಾವು, ಲಾಡ್ಜಿನ ಬಗ್ಗೆ ಮಾತನಾಡುವುದೇ ಕಡಿಮೆ. ಬ್ಯಾಗ್ ಇಟ್ಟು, ಮುಖ ತೊಳೆದು, ಕೆಲಸಕ್ಕೆ ಓಡಿ, ರಾತ್ರಿ ಬಂದು ಬಿದ್ದುಕೊಳ್ಳುವ ಜಾಗವದು. ಅದಕ್ಕೆ ಇಷ್ಟೊಂದು ಯೋಚನೆ ಏಕೆ ಎಂಬ ಧೋರಣೆ ನಮ್ಮದು. ಆದರೆ ವಯಸ್ಸಾದ ತಾಯಿಯನ್ನೋ ಕಾಯಿಲೆಯ ಮಗುವನ್ನೋ ಕರೆದುಕೊಂಡು ಬೆಂಗಳೂರಿಗೆ ಬರುವವರಿಗೆ ಲಾಡ್ಜ್ ಎಂದರೆ ನಾಲ್ಕು ದಿನದ ಮನೆ. ಅದರ ಆಯ್ಕೆ ಸಣ್ಣ ಸಂಗತಿಯಲ್ಲ.

ಕರಾವಳಿಯಿಂದ, ಮಲೆನಾಡಿನಿಂದ ಬರುವ ನಮಗೆ ಬೆಂಗಳೂರು ಎಂದರೆ ಮೊದಲು ಮೆಜೆಸ್ಟಿಕ್. ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು ಇಡೀ ಬಡಾವಣೆಗೆ ಅಂಟಿಕೊಂಡಿತು. ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ರೈಲು ನಿಲ್ದಾಣ ಪಕ್ಕದಲ್ಲೇ ಇತ್ತು. ದೂರದಿಂದ ಬಂದವರು ತಂಗಲಿ ಎಂದು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವೂ ಅಲ್ಲೇ ಇದೆ. ಆಮೇಲೆ ಸುತ್ತಲಿನ ಗಲ್ಲಿಗಳಲ್ಲಿ ನೂರಾರು ಲಾಡ್ಜುಗಳು ಎದ್ದವು. ರಾತ್ರಿ ಬಸ್ಸಿನಲ್ಲಿ ಬಂದು, ನಸುಕಿನಲ್ಲಿ ಇಳಿದು, ಕೈಯಲ್ಲಿ ಬ್ಯಾಗ್ ಹಿಡಿದು ನಡೆದೇ ಸೇರಬಹುದಾದ ಲಾಡ್ಜು ಪ್ರತಿಯೊಂದು ಕುಟುಂಬಕ್ಕೂ ಒಂದೊಂದು ಇರುತ್ತಿತ್ತು. ಅಪ್ಪನಿಂದ ಮಗನಿಗೆ ಅದು ಬಳುವಳಿಯಾಗಿ ಬರುತ್ತಿತ್ತು.

ನಮ್ಮ ಕುಟುಂಬಕ್ಕೂ ಅಂಥದ್ದೊಂದಿತ್ತು. ಅದರ ಹೆಸರು ಇಲ್ಲಿ ಬೇಡ. ಪುತ್ತೂರಿನಿಂದ ಅಡಿಕೆ ವ್ಯವಹಾರಕ್ಕೆ ಬರುತ್ತಿದ್ದ ನಮ್ಮ ತಂದೆ ಇಪ್ಪತ್ತು ವರ್ಷಗಳಷ್ಟು ಕಾಲ ಅಲ್ಲೇ ಉಳಿಯುತ್ತಿದ್ದರು. ಕುಂದಾಪುರದ ಕಡೆಯ ಮ್ಯಾನೇಜರ್ ಒಬ್ಬರಿದ್ದರು. ತಂದೆಯನ್ನು ಕಂಡ ಕೂಡಲೇ "ಬನ್ನಿ ಬ್ಯಾರಿಗಳೇ, ಬಸ್ಸು ಘಾಟಿಯಲ್ಲಿ ನಿಂತಿತಾ?" ಎಂದು ಕೇಳುತ್ತಿದ್ದರು. ಆಮೇಲೆಯೇ ರಿಜಿಸ್ಟರ್ ತೆರೆಯುತ್ತಿದ್ದುದು. ಕೋಣೆ ಸಣ್ಣದು, ಗೋಡೆಯ ಬಣ್ಣ ಮಾಸಿತ್ತು. ಆದರೆ ಹಾಸಿಗೆ ಶುಚಿಯಾಗಿರುತ್ತಿತ್ತು. ರಮಝಾನಿನಲ್ಲಿ ಸಹರಿಯ ಹೊತ್ತಿಗೆ ಹುಡುಗನೊಬ್ಬ ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಬಾಗಿಲು ತಟ್ಟುತ್ತಿದ್ದ. ಯಾರೂ ಹೇಳಿಕೊಟ್ಟ ಸೇವೆಯಲ್ಲ ಅದು. ಅಂದಿನ ಕ್ರಮದಂತೆ ಬಂದ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆಗೆ ಒಂದು ದಿನ. ಬೆಳಿಗ್ಗೆ ಐದೂವರೆಗೆ ಬಂದರೆ ಮರುದಿನ ಐದೂವರೆಗೆ ದಿನ ಮುಗಿಯಿತು. ಲೆಕ್ಕ ಸರಳವಾಗಿತ್ತು.

ತಂದೆ ತೀರಿಕೊಂಡ ಬಳಿಕವೂ ನಾವು ಅಲ್ಲಿಗೇ ಹೋಗುತ್ತಿದ್ದೆವು. ಆದರೆ ಮ್ಯಾನೇಜರ್ ನಿವೃತ್ತರಾಗಿ ಊರಿಗೆ ಹೋದರು. ಕಟ್ಟಡವನ್ನು ಬೇರೆಯವರು ಲೀಸಿಗೆ ಪಡೆದರು. ಬೋರ್ಡ್ ಮಾತ್ರ ಹಳೆಯದು. ಮೊದಲ ಸಲ ಹೋದಾಗ ಬಿಸಿನೀರು ಬರಲಿಲ್ಲ. ಕೇಳಿದರೆ "ಆರರಿಂದ ಏಳರವರೆಗೆ ಮಾತ್ರ" ಎಂದರು. ಎರಡನೇ ಸಲ ಹಾಸಿಗೆಯ ಚಾದರದಲ್ಲಿ ಹಿಂದಿನವರ ಕೂದಲಿತ್ತು. ಬಚ್ಚಲಿನ ನಲ್ಲಿ ಮುರಿದಿದ್ದರಿಂದ ವುಝೂ ಮಾಡಲು ಉಮ್ಮ ಮಗ್ಗಿನಲ್ಲಿ ನೀರು ಹಿಡಿದು ಬಗ್ಗಬೇಕಾಯಿತು. ಮೂರನೇ ಸಲ ನಸುಕಿನಲ್ಲಿ ಹೋದಾಗ ಕೌಂಟರಿನ ಯುವಕ, ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೆ, ಈಗಲೇ ಬೇಕಾದರೆ ಒಂದು ದಿನದ ಬಾಡಿಗೆ ಹೆಚ್ಚುವರಿ ಎಂದ. ಫೋನಿನಲ್ಲಿ ಕೋಣೆ ಕಾದಿರಿಸುವಾಗ ಈ ಮಾತು ಬಂದಿರಲಿಲ್ಲ. ಎಪ್ಪತ್ತೆರಡರ ಉಮ್ಮ ಬ್ಯಾಗಿನ ಮೇಲೆ ಕೈಯಿಟ್ಟು ಬೆಂಚಿನಲ್ಲಿ ಕುಳಿತಿದ್ದರು. "ಆ ಮ್ಯಾನೇಜರ್ ಇದ್ದಿದ್ದರೆ..." ಎಂದಷ್ಟೇ ಹೇಳಿ ಸುಮ್ಮನಾದರು.

ನಾವು ಲಾಡ್ಜಿನ ಪರಿಚಯ ಎನ್ನುವುದು ನಿಜವಾಗಿ ಅಲ್ಲಿದ್ದ ಒಬ್ಬ ಮನುಷ್ಯನ ಪರಿಚಯ. ಅವರು ಹೋದ ಮೇಲೆ ಉಳಿಯುವುದು ಕಟ್ಟಡ ಮತ್ತು ಬಾಡಿಗೆ. ಹೊಸಬರು ವ್ಯಾಪಾರ ಮಾಡುತ್ತಿದ್ದಾರೆ, ಅದು ಅವರ ಹಕ್ಕು. ಬೇರೆ ಜಾಗ ಹುಡುಕುವುದು ಗ್ರಾಹಕರ ಹಕ್ಕು.

ಹುಡುಕಲು ಬೇರೊಂದು ಕಾರಣವೂ ಇತ್ತು. ಉಮ್ಮನ ಕಣ್ಣಿನ ಚಿಕಿತ್ಸೆ ರಾಜಾಜಿನಗರದಲ್ಲಿ ಆಗಬೇಕಿತ್ತು. ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಹೊರಜಿಲ್ಲೆಯವರನ್ನು ಸೆಳೆಯುವುದು ಮುಖ್ಯವಾಗಿ ಆಸ್ಪತ್ರೆಗಳೇ. ಕಾರ್ಡ್ ರಸ್ತೆಯಲ್ಲಿ ನಾರಾಯಣ ನೇತ್ರಾಲಯವಿದೆ, ಕಾರ್ಮಿಕರ ಇಎಸ್‌ಐ ಆಸ್ಪತ್ರೆ ರಾಜಾಜಿನಗರದಲ್ಲಿದೆ, ಕೆಂಗೇರಿಯ ಕಡೆಗೂ ದೊಡ್ಡ ಆಸ್ಪತ್ರೆಗಳಿವೆ. ಹಿಂದೆ ಇವಕ್ಕೆಲ್ಲ ಮೆಜೆಸ್ಟಿಕ್‌ನಲ್ಲಿ ಉಳಿದು ಸಿಟಿ ಬಸ್ಸು, ಆಟೋ ಹಿಡಿಯುವುದೇ ಕ್ರಮವಾಗಿತ್ತು. ಮೆಟ್ರೋ ಈ ಲೆಕ್ಕವನ್ನು ಬದಲಿಸಿದೆ. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಹಸಿರು ಮಾರ್ಗ ಬಂತು. 2015ರಲ್ಲಿ ಮಾಗಡಿ ರಸ್ತೆಯಿಂದ ವಿಜಯನಗರದ ಮೂಲಕ ಮೈಸೂರು ರಸ್ತೆಗೆ ನೇರಳೆ ಮಾರ್ಗ ತೆರೆಯಿತು; 2021ರಲ್ಲಿ ಅದು ಕೆಂಗೇರಿ ಮುಟ್ಟಿತು. ಹಾಸನದ ದಾರಿಯಾಗಿ ಬರುವ ನಮ್ಮ ಬಸ್ಸುಗಳು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ನಗರ ಪ್ರವೇಶಿಸುತ್ತವೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹತ್ತಿದರೆ ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ನಾಲ್ಕನೆಯದೇ ರಾಜಾಜಿನಗರ. ಮೆಜೆಸ್ಟಿಕ್‌ವರೆಗೆ ಹೋಗಿ ಮತ್ತೆ ಹಿಂದೆ ಬರುವ ಅಗತ್ಯವೇ ಇಲ್ಲ.

ಹೀಗೆ ಹುಡುಕಾಟ ಶುರುವಾಯಿತು. ಮೊಬೈಲಿನ ಚಿತ್ರಗಳಲ್ಲಿ ಎಲ್ಲ ಕೋಣೆಗಳೂ ವಿಶಾಲ, ಎಲ್ಲ ಚಾದರಗಳೂ ಬೆಳ್ಳಗೆ. ಆದ್ದರಿಂದ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳ ಒಂದು ಪಟ್ಟಿ ಮಾಡಿಕೊಂಡೆ. ಇದೇ ಸ್ಥಿತಿಯಲ್ಲಿರುವ ಓದುಗರಿಗೂ ಅದು ಉಪಯೋಗವಾದೀತು. ದಿನದ ಲೆಕ್ಕ ಇಪ್ಪತ್ತನಾಲ್ಕು ಗಂಟೆಯದೋ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ? ನಸುಕಿಗೆ ಬಂದರೆ ಎಷ್ಟು ಹೆಚ್ಚು? ಲಿಫ್ಟ್ ಇದೆಯೇ, ಇದ್ದರೆ ಕರೆಂಟ್ ಹೋದಾಗ ನಡೆಯುತ್ತದೆಯೇ? ಶೌಚಾಲಯ ಕುಳಿತುಕೊಳ್ಳುವ ಕಮೋಡೋ, ನೆಲಮಟ್ಟದ್ದೋ? ಬಿಸಿನೀರು ಯಾವ ಹೊತ್ತಿಗೆ? ಕೋಣೆಗೆ ಹೊರಗಿನ ಗಾಳಿ ಬರುವ ಕಿಟಕಿ ಇದೆಯೇ? ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ? ಸಾವಿರ ರೂಪಾಯಿಯೊಳಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈನಿಂದ ಶೇ. 12 ಬಂತು, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಅದು ಶೇ. 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಹಳೆಯ ದರ ಕಂಡರೆ ಕೇಳಬಹುದು. ಇನ್ನು ಮುಂಗಡ ಕೊಡುವ ಮೊದಲು ಕೋಣೆ ನೋಡಲು ಬಿಡುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅರ್ಧ ಲಾಡ್ಜು ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಅವರ ಕಡೆಯಿಂದ ಬಂತು. ಒಂದು ಲಾಡ್ಜಿನಲ್ಲಿ ಎಲ್ಲ ಮಾತೂ ಮುಗಿದಿತ್ತು. ಕೋಣೆ ಇದೆ, ಎರಡನೇ ಮಹಡಿ, ಲಿಫ್ಟ್ ಇದೆ, ಬನ್ನಿ ಸಾರ್ ಎಂದರು. "ಯಾವ ಹೆಸರಿಗೆ ಬರೆದುಕೊಳ್ಳಲಿ?" ಎಂದಾಗ ಹೆಸರು ಹೇಳಿದೆ. ಒಂದು ಕ್ಷಣ ಮೌನ. "ಒಂದು ನಿಮಿಷ ಸಾರ್" ಎಂದವರು ಮರಳಿ ಬಂದು, "ಕೋಣೆ ಈಗಷ್ಟೇ ಬುಕ್ ಆಗಿದೆ" ಎಂದರು. ಅರ್ಧ ಗಂಟೆಯ ಬಳಿಕ ನನ್ನ ಗೆಳೆಯರೊಬ್ಬರು ತಮ್ಮ ಹೆಸರಿನಲ್ಲಿ ಅದೇ ದಿನಕ್ಕೆ ಕೇಳಿದರೆ ಕೋಣೆ ಇತ್ತು. ಜಗಳವಾಗಲಿಲ್ಲ, ಯಾರೂ ಒರಟು ಮಾತು ಆಡಲಿಲ್ಲ. ಮುಖಕ್ಕೆ ಹೊಡೆಯದೆ ಬಾಗಿಲು ಮುಚ್ಚುವ ವಿದ್ಯೆ ಅದು. ಸಾಬೀತು ಮಾಡುವುದೂ ಕಷ್ಟ.

ನಮ್ಮ ಸಂವಿಧಾನ ಬರೆದವರಿಗೆ ಇಂಥ ಬಾಗಿಲುಗಳ ಅರಿವು ಚೆನ್ನಾಗಿತ್ತು. ಮೂಲಭೂತ ಹಕ್ಕುಗಳ 15ನೇ ವಿಧಿಯ ಎರಡನೇ ಖಂಡದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕಾಗಿ ಯಾವ ನಾಗರಿಕನನ್ನೂ ತಡೆಯಬಾರದ ಜಾಗಗಳನ್ನು ಹೆಸರಿಸಲಾಗಿದೆ. ಅಂಗಡಿ, ಉಪಾಹಾರಗೃಹ, ಮನರಂಜನೆಯ ತಾಣಗಳ ಜೊತೆಗೆ ಹೋಟೆಲುಗಳ ಹೆಸರೂ ಅಲ್ಲಿದೆ. ಮೂಲಭೂತ ಹಕ್ಕುಗಳ ಬಹುಪಾಲು ಸರಕಾರದ ಕೈ ಕಟ್ಟುವಂಥವು. ಇದು ಖಾಸಗಿ ಮಾಲಕರನ್ನೂ ಮುಟ್ಟುತ್ತದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಅಂಬೇಡ್ಕರರೇ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ತಂಗಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದಿದ್ದರು. ಕೆಲವೇ ದಿನಗಳಲ್ಲಿ ವಿಷಯ ತಿಳಿದು, ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ವಿದೇಶದಲ್ಲಿ ಓದಿ ಬಂದ ಆ ವಿದ್ವಾಂಸ ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು ಕಾಲ ಕಳೆಯಬೇಕಾಯಿತು. ಈ ಅನುಭವವನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆಯಣ್ಣ, ಕರಿಯರಿಗೆ ಕೋಣೆ ಮತ್ತು ಊಟ ಕೊಡುವ ಜಾಗಗಳ ಪಟ್ಟಿಯನ್ನೇ 1936ರಿಂದ ಪುಸ್ತಕವಾಗಿ ತಂದರು. ಮೂರು ದಶಕ ಅದು ಪ್ರಯಾಣಿಕರ ಕೈಪಿಡಿಯಾಗಿತ್ತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದಾಗ ಅಟ್ಲಾಂಟಾದ ಮೋಟೆಲ್ ಮಾಲಕರೊಬ್ಬರು, ಯಾರಿಗೆ ಕೋಣೆ ಕೊಡಬೇಕೆಂಬುದು ನನ್ನಿಷ್ಟ ಎಂದು ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ವಾದವನ್ನು ತಳ್ಳಿಹಾಕಿತು. ಆ ಬಳಿಕ ಅಂಥ ಪುಸ್ತಕದ ಅಗತ್ಯ ಕುಂದಿ ಅದು ನಿಂತೇ ಹೋಯಿತು. ಒಂದು ಕೈಪಿಡಿ ಬೇಡವಾಗುವುದೂ ಸಮಾಜದ ಪ್ರಗತಿಯೇ.

ಈ ಫೋನ್ ಕರೆಯ ಬಳಿಕ, ಬಿಸಿನೀರು ಬಾರದ ಲಾಡ್ಜಿಗೂ ಜನ ಏಕೆ ಮತ್ತೆ ಮತ್ತೆ ಹೋಗುತ್ತಾರೆ ಎಂಬ ಪ್ರಶ್ನೆಗೆ ನನಗೆ ಬೇರೊಂದು ಉತ್ತರ ಹೊಳೆಯಿತು. ಅದು ಅಭ್ಯಾಸಬಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಪರಿಚಯದ ಜಾಗದಲ್ಲಿ ಹೆಸರು ಹೇಳುವಾಗ ಎದೆ ಢವಗುಟ್ಟುವುದಿಲ್ಲ. ಅಲ್ಲಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಎಂದೋ ದಾಖಲಾಗಿದೆ. ಕೆಲವರಿಗೆ ಲಾಡ್ಜು ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭ. ಇನ್ನು ಕೆಲವರಿಗೆ ಪ್ರತಿ ಹೊಸ ಕೌಂಟರೂ ಒಂದು ಸಂದರ್ಶನ. ಮುಸ್ಲಿಮರಿಗೆ ಮಾತ್ರ ಹೀಗೆಂದಲ್ಲ. ದಲಿತರು, ಈಶಾನ್ಯ ರಾಜ್ಯಗಳ ಯುವಜನರು, ಒಂಟಿಯಾಗಿ ಬರುವ ಹೆಣ್ಣುಮಕ್ಕಳು ಎಲ್ಲರೂ ಈ ಸಂದರ್ಶನವನ್ನು ಬಲ್ಲರು. ಕೊಳಕು ಚಾದರವನ್ನು ಸಹಿಸಿಕೊಂಡು ಜನ ಕೊಂಡುಕೊಳ್ಳುವುದು ಈ ನಿಶ್ಚಿಂತೆಯನ್ನೇ.

ಪವಿತ್ರ ಕುರ್‌ಆನಿನ ಅದ್ದಾರಿಯಾತ್ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮರ(ಅ) ಅತಿಥಿಗಳ ಪ್ರಸಂಗ ಬರುತ್ತದೆ. ಬಂದವರು ಅಪರಿಚಿತರೆಂದು ಅವರಿಗೆ ಗೊತ್ತಿತ್ತು. ಸಲಾಮಿಗೆ ಸಲಾಮು ಹೇಳಿದರು. ಮೆಲ್ಲನೆ ಒಳಗೆ ಹೋಗಿ ಕೊಬ್ಬಿದ ಕರುವಿನ ಊಟ ತಂದು ಮುಂದಿಟ್ಟರು. ಯಾವ ಊರು, ಯಾವ ಕುಲ ಎಂಬ ವಿಚಾರಣೆಗಿಂತ ಮೊದಲು ಊಟ ಬಂತು. ಅನ್ನಿಸಾ ಅಧ್ಯಾಯದಲ್ಲಿ ತಂದೆತಾಯಿ, ಬಂಧು, ಅನಾಥ, ನೆರೆಯವರ ಸಾಲಿನಲ್ಲೇ ದಾರಿಹೋಕನಿಗೂ ಒಳಿತು ಮಾಡುವಂತೆ ಆದೇಶವಿದೆ. ನಮ್ಮ ನಾಡಿನ ಅರವಟ್ಟಿಗೆ, ಛತ್ರಗಳ ಹಿಂದೆ ಇದ್ದುದೂ ಇದೇ ಭಾವನೆ.

ಹಾಗೆಂದು ಬೆರಳನ್ನು ಒಂದೇ ಕಡೆಗೆ ತೋರಿಸಿ ಕೂರುವಂತಿಲ್ಲ. ಛತ್ರಗಳು ಜಾತಿಗೊಂದಾದಂತೆ ನಮ್ಮ ಸಮುದಾಯದವರ ವಸತಿಗೃಹಗಳೂ ನಮ್ಮವರಿಗೆ ಮಾತ್ರ ಎಂಬಂತಾದರೆ, ಆ ಫೋನಿನಾಚೆಯ ಮೌನವನ್ನು ಪ್ರಶ್ನಿಸುವ ನೈತಿಕ ಬಲ ನಮಗೆಲ್ಲಿರುತ್ತದೆ? ನಮ್ಮ ಕೌಂಟರಿಗೆ ಬಂದ ಪರಧರ್ಮೀಯ ಹೆಣ್ಣುಮಗಳಿಗೆ, ಬಡವನಿಗೆ ನಾವು ಹೇಗೆ ಉತ್ತರಿಸುತ್ತೇವೆ? ಲಾಡ್ಜು, ಬಾಡಿಗೆಮನೆ ನಡೆಸುವ ನಮ್ಮ ಓದುಗರು ಇದನ್ನು ಒಮ್ಮೆ ಯೋಚಿಸಲಿ.

ಕೊನೆಗೆ ರಾಜಾಜಿನಗರದಲ್ಲಿ ಒಂದು ಕೋಣೆ ಸಿಕ್ಕಿತು. ಮೆಟ್ರೋ ನಿಲ್ದಾಣದಿಂದ ಆಟೋದಲ್ಲಿ ಸ್ವಲ್ಪವೇ ದೂರ. ಕೌಂಟರಿನಲ್ಲಿದ್ದ ನಡುವಯಸ್ಸಿನ ಮಹಿಳೆ ಹೆಸರು ಬರೆದುಕೊಂಡು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ತಕರಾರಿಲ್ಲದೆ ಸ್ವೀಕರಿಸಿದರು. ಮೊದಲು ಕೋಣೆ ನೋಡಿ ಬನ್ನಿ ಎಂದು ಕೀ ಕೊಟ್ಟರು. ಬೇಗ ಬಂದದ್ದಕ್ಕೆ ಮುನ್ನೂರು ರೂಪಾಯಿ ಹೆಚ್ಚು ಎಂದು ಮೊದಲೇ ಹೇಳಿದ್ದರು, ಅಷ್ಟೇ ತೆಗೆದುಕೊಂಡರು. ಕೋಣೆ ದೊಡ್ಡದಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತು, ಚಾದರ ಒಗೆದ ವಾಸನೆಯಿತ್ತು.

ಉಮ್ಮ ಕಿಟಕಿ ತೆರೆದು ಸೂರ್ಯ ಯಾವ ಕಡೆ ಎಂದು ನೋಡಿ ಕಿಬ್ಲಾ ಗೊತ್ತುಮಾಡಿಕೊಂಡರು. ಬೆಂಗಳೂರಿಗೆ ಅದು ಪಶ್ಚಿಮದಿಂದ ತುಸು ಬಲಕ್ಕೆ. ಕೆಳಗಿಳಿದಾಗ ಆ ಮಹಿಳೆ, "ಅಮ್ಮಂಗೆ ಆಪರೇಶನ್ ಯಾವತ್ತು?" ಎಂದು ಕೇಳಿದರು. ಗುರುವಾರ ಎಂದೆ. ರಿಜಿಸ್ಟರಿನ ಅಂಚಿನಲ್ಲಿ ಅದನ್ನೂ ಬರೆದುಕೊಂಡು, ಆ ದಿನ ಲಿಫ್ಟಿನ ಪಕ್ಕದ ಕೋಣೆ ಕೊಡುತ್ತೇನೆ ಎಂದರು.