ಕೊಳೆತ ಮೊಟ್ಟೆಯ ಹವ್ಯಾಸ

ನಾನು ಟ್ರೇಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೊರಟರೆ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಕಪ್ಪು-ಬಿಳುಪು ಫೋಟೊವನ್ನು ಕಂದಾಗಿಸುವ ಸೇಪಿಯಾ ಟೋನಿಂಗಿಗೆ ಬೇಕಾದ ಸೋಡಿಯಂ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದರಿಂದ ಏಳುವ ಅನಿಲ ವಿಷವೂ ಹೌದು, ಬಯಲೇ ಕ್ಷೇಮ. ಡಾರ್ಕ್‌ರೂಮಿನೊಳಗಂತೂ ಸಲ್ಲದು, ಪೆಟ್ಟಿಗೆಯಲ್ಲಿರುವ ಹೊಸ ಫೋಟೊ ಕಾಗದಕ್ಕೂ ಅದು ಮಂಕು ಹಿಡಿಸುತ್ತದೆ.

ಈ ಕೆಲಸಕ್ಕೆ ಕತ್ತಲು ಬೇಡ, ಅದೇ ದೊಡ್ಡ ಸುಖ. ಮೊದಲ ಟ್ರೇಯಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್, ಪೊಟ್ಯಾಸಿಯಂ ಬ್ರೋಮೈಡ್ ಕರಗಿಸಿದ ಹಳದಿ ನೀರು. ಮೇಲುಕೋಟೆ ಕಲ್ಯಾಣಿಯ ಕಪ್ಪು-ಬಿಳುಪು ಪ್ರಿಂಟೊಂದನ್ನು ಅದರಲ್ಲಿ ಮುಳುಗಿಸಿ ಟ್ರೇ ಅಲುಗಿಸುತ್ತಿದ್ದರೆ, ಮೊದಲು ಮೋಡ ಹೋಗುತ್ತದೆ, ಆಮೇಲೆ ಬಿಸಿಲು ಬಿದ್ದ ಮೆಟ್ಟಿಲು. ಮಂಟಪದ ಕಂಬಗಳ ಹಿಂದಿನ ನೆರಳು ಮಾತ್ರ ಹಟ ಹಿಡಿದು ಕೊನೆಯವರೆಗೂ ನಿಲ್ಲುತ್ತದೆ. ಉಳಿಯುವುದು ಒಣಹುಲ್ಲಿನ ಬಣ್ಣದ ಒಂದು ಛಾಯೆ. ಹಳದಿ ಬಿಡುವವರೆಗೆ ತೊಳೆದು ಸಲ್ಫೈಡಿಗೆ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಕಲ್ಯಾಣಿ ಮೆಟ್ಟಿಲು ಮೆಟ್ಟಿಲಾಗಿ ವಾಪಸಾಗುತ್ತದೆ, ಈ ಸಲ ಬೆಚ್ಚನೆಯ ಕಂದಿನಲ್ಲಿ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಪ್ರಿಂಟಿನ ಕಪ್ಪೆಲ್ಲ ಸಣ್ಣ ಸಣ್ಣ ಬೆಳ್ಳಿಯ ಕಣ. ಹಳದಿ ನೀರು ಅದನ್ನು ಸಿಲ್ವರ್ ಬ್ರೋಮೈಡ್ ಮಾಡುತ್ತದೆ, ಸಲ್ಫೈಡಿನ ಗಂಧಕ ಬಂದು ಸಿಲ್ವರ್ ಸಲ್ಫೈಡ್ ಮಾಡುತ್ತದೆ. ದೇವರ ಮನೆಯ ಬೆಳ್ಳಿ ದೀಪಕ್ಕೆ ಹಿಡಿಯುವ ಕಪ್ಪೂ ಇದೇ ವಸ್ತು. ಅಲ್ಲಿ ವಿಭೂತಿ ಹಾಕಿ ತಿಕ್ಕಿ ಓಡಿಸುತ್ತೇವೆ, ಇಲ್ಲಿ ಕರೆದು ಕೂರಿಸುತ್ತೇವೆ. ಗಾಳಿಯ ಗಂಧಕ ಎಂದೋ ಒಂದು ದಿನ ಅಲ್ಲಲ್ಲಿ ಕೆಡಿಸುವುದನ್ನು ನಾವೇ ಮೊದಲು, ಒಂದೇ ಸಮನಾಗಿ ಮಾಡಿಟ್ಟರೆ, ಆಮೇಲೆ ಅದಕ್ಕೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಟೋನ್ ಮಾಡಿದ ಪ್ರಿಂಟ್ ಬಾಳಿಕೆ ಬರುವುದು ಇದರಿಂದಲೇ.

ಬೆಳ್ಳಿ-ಗಂಧಕದ ನಂಟು ಇನ್ನೂ ಆಳದ್ದು. ಫಿಲ್ಮಿನ ಸಿಲ್ವರ್ ಬ್ರೋಮೈಡ್ ಹರಳುಗಳನ್ನು ಹಿಡಿದಿಡುವ ಜೆಲಟಿನ್ ದನದ ಮೂಳೆ, ಚರ್ಮದಿಂದ ಬರುತ್ತದೆ. ಒಂದು ಜೆಲಟಿನ್ನಿನ ಫಿಲ್ಮ್ ಬೆಳಕಿಗೆ ಚುರುಕು, ಇನ್ನೊಂದರದು ಮಂದ. ಕಾರಣ ತಿಳಿಯದೆ ತಯಾರಕರು ಒದ್ದಾಡುತ್ತಿದ್ದರು. 1925ರಲ್ಲಿ ಕೊಡಾಕ್ ಪ್ರಯೋಗಾಲಯದ ಎಸ್. ಇ. ಶೆಪರ್ಡ್ ಗುಟ್ಟು ಬಯಲು ಮಾಡಿದರು: ಚುರುಕಿನ ಜೆಲಟಿನ್ನಿನಲ್ಲಿ ಸಾಸಿವೆ ಎಣ್ಣೆಯ ಜಾತಿಯ ಗಂಧಕದ ಸಂಯುಕ್ತಗಳಿದ್ದವು. ದನಗಳು ಮೇಯ್ದ ಸಾಸಿವೆಯ ಕೈವಾಡ! ಆ ಗಂಧಕ ಸಿಲ್ವರ್ ಬ್ರೋಮೈಡ್ ಹರಳಿನ ಮೈಗೆ ಅಂಟಿ ಸಿಲ್ವರ್ ಸಲ್ಫೈಡಿನ ಚುಕ್ಕೆಗಳಾಗುತ್ತದೆ. ಬೆಳಕು ಬಿದ್ದಾಗ ಬಿಡುಗಡೆಯಾದ ಎಲೆಕ್ಟ್ರಾನುಗಳು ಅಲ್ಲಿ ಸಿಕ್ಕಿಬೀಳುತ್ತವೆ, ಬೆಳ್ಳಿಯ ಪರಮಾಣುಗಳು ಅಲ್ಲೇ ಗುಂಪುಗೂಡುತ್ತವೆ. ಅಂಥ ನಾಲ್ಕಾರು ಪರಮಾಣು ಸೇರಿದರೂ ಸಾಕು, ಡೆವಲಪರ್ ಇಡೀ ಹರಳನ್ನು ಬೆಳ್ಳಿಯಾಗಿಸುತ್ತದೆ. ಹರಳಿನ ಮೈಮೇಲಿನ ಇಷ್ಟು ಸಣ್ಣ ಕಲೆಯಿಂದ ನಮ್ಮ ಆಲ್ಬಮ್ಮುಗಳೆಲ್ಲ ತುಂಬಿವೆ.

ಡೆವಲಪ್ ಆದ ಮೇಲೆ ಫಿಕ್ಸರ್ ಆಗಿ ಬಳಸುವ ಹೈಪೊ ಕೂಡ ಗಂಧಕದ್ದೇ ಮನೆತನ. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರು. ಚಿತ್ರವನ್ನು ನಿಲ್ಲಿಸುವುದು ಅದೇ. ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದರೆ ಹಳದಿ ಕಲೆ ತರಿಸಿ ಕೆಡಿಸುವುದೂ ಅದೇ.

ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸೇಪಿಯಾ ಬರುತ್ತದೆ, ವಾಸನೆಯಿಲ್ಲದೆ. ಬರಲಿ, ಅದು ಬರಿಯ ಬಣ್ಣ. ನಿಮ್ಮ ಮನೆಯಲ್ಲಿ ಹಳೆಯ ಕಪ್ಪು-ಬಿಳುಪು ಫೋಟೊಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಮಾತ್ರ ಇವತ್ತೇ ಬಿಚ್ಚಿಬಿಡಿ. ರಬ್ಬರಿನಲ್ಲೂ ಗಂಧಕವಿದೆ.