ಹಂಪೆಯಿಂದ ಬಾದಾಮಿಗೆ

ಹಂಪೆ, ಬಾದಾಮಿ, ವಿಜಯಪುರಗಳನ್ನು ಮೂರೇ ದಿನಗಳಲ್ಲಿ ನೋಡಿಬಿಡಬೇಕೆಂದು ಸಂಕಲ್ಪಿಸಿ ನಾನು ಸಪತ್ನೀಕನಾಗಿ ಹೊರಟೆನು. ಹಂಪೆಯನ್ನು ಕಂಡು, ಹೊಸಪೇಟೆಯಲ್ಲಿ ರೈಲು ಹತ್ತಿ, ಗದಗಿನಲ್ಲಿ ಇಳಿದು ಬಾದಾಮಿಯ ಗಾಡಿಗಾಗಿ ಬಹಳ ಹೊತ್ತು ಕಾದೆವು. ಈ ಕಾಯುವಿಕೆಯ ಆಯಾಸವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನ ಶಕ 500ರ, ಎಂದರೆ ಕ್ರಿ. ಶ. 578ರ ಶಾಸನವುಳ್ಳ ಮೂರನೆಯ ಗುಹೆಗೆ ನಾನೊಬ್ಬನೇ ಏರಿದೆನು. ಆಕೆ ಮೊಣಕಾಲು ನೋವಿನಿಂದ ಮೆಟ್ಟಿಲ ಬುಡದಲ್ಲಿಯೇ ಕುಳಿತಳು. ಮಂಗಲೇಶನ ಕಾಲದ ಆ ಶಿಲ್ಪವೈಭವವನ್ನು ಕಂಡು ಹರ್ಷಿಸಲು ಜೊತೆಯಿಲ್ಲದೆ ಮನಸ್ಸು ನೊಂದಿತು.

ಕೆಳಗಿಳಿದು ವಿಜಯಪುರದ ಪ್ರಯಾಣವನ್ನು ಕೈಬಿಟ್ಟೆನು. ವಿಶ್ರಮಿಸಿ, ಮರುದಿನ ಬೆಳಗಿನ ತಂಪಿನಲ್ಲಿ ಇಬ್ಬರೂ ಮೆಲ್ಲನೆ ಏರಿದೆವು. "ಗೋಳಗುಮ್ಮಟವೇನೂ ಓಡಿಹೋಗುವುದಿಲ್ಲ" ಎಂದಳು ಆಕೆ.

ವಾಚಕರೇ, ಎರಡು ಊರುಗಳ ನಡುವೆ ಒಂದು ದಿನದ ಬಿಡುವನ್ನಿಟ್ಟುಕೊಂಡೇ ಹೊರಡಿರಿ.